ಹಿತ್ತಾಳೆ ದುರ್ಬೀನಿಗೆ ಕ್ಯಾಮೆರಾ ಕೂರಿಸಿದ್ದು

ನನ್ನಲ್ಲಿರುವುದು 3 ಇಂಚು ವ್ಯಾಸದ ಮಸೂರವಿರುವ ಹಿತ್ತಾಳೆ ದುರ್ಬೀನು, ಮಾವನ ಮನೆಯ ಅಟ್ಟದಿಂದ ಉಡುಪಿಗೆ ಬಂದದ್ದು. ಉಜ್ಜಿ ಉಜ್ಜಿ ತಯಾರಕರ ಹೆಸರು ಅಳಿಸಿದೆ, ‘ಲಂಡನ್’ ಮಾತ್ರ ಓದಬಹುದು. ನಾಭಿದೂರ ಸುಮಾರು 1140 ಮಿ.ಮೀ., ಅಂದರೆ ಮಸೂರದ ವ್ಯಾಸದ 15 ಪಟ್ಟು, ಎಫ್/15. ಫೋಟೊಗ್ರಫಿಯವರಿಗೆ ಈ ಸಂಖ್ಯೆ ಹೇಳಿದರೆ, ಚಿತ್ರ ಮಂಕಾಗುತ್ತದೆಂದು ಮುಖ ಸಿಂಡರಿಸುತ್ತಾರೆ. ನೀಹಾರಿಕೆ ಹಿಡಿಯಲು ಹೊರಟವರಿಗೆ ಅದು ಸರಿಯೇ. ಗ್ರಹಗಳ ಲೆಕ್ಕ ಬೇರೆ. ಗ್ರಹಗಳ ವಿಡಿಯೊ ಹಿಡಿಯಲೆಂದು ಈಗ ಸಿಗುವ ಪುಟ್ಟ ಪ್ಲಾನೆಟರಿ ಕ್ಯಾಮೆರಾಗಳಲ್ಲಿ ಹಲವದರ ಪಿಕ್ಸೆಲ್ 2.9 ಮೈಕ್ರಾನ್. ಪಿಕ್ಸೆಲ್ಲಿನ ಮೈಕ್ರಾನ್ ಅಳತೆಯ ಐದು ಪಟ್ಟು ಎಫ್-ಸಂಖ್ಯೆ ಇರಬೇಕು ಎನ್ನುವುದು ಗ್ರಹಗಳ ಚಿತ್ರ ತೆಗೆಯುವವರ ರೂಢಿ. ಗುಣಿಸಿದರೆ 14.5! ಹೊಸ ದುರ್ಬೀನಿನವರು ನಾಭಿದೂರ ಹಿಗ್ಗಿಸುವ ಬಾರ್ಲೋ ಲೆನ್ಸ್ ಹಾಕಿ ಮುಟ್ಟುವ ಜಾಗದಲ್ಲಿ ಈ ಮುದಿ ಕೊಳವೆ ತಾನಾಗಿಯೇ ನಿಂತಿದೆ.

ಹಾಗಾಗಿ ಮನೆಯಲ್ಲಿದ್ದ ಡಿಎಸ್‌ಎಲ್‌ಆರ್ ಅನ್ನು ಮುಟ್ಟಲಿಲ್ಲ. ಮುಕ್ಕಾಲು ಕಿಲೋ ಭಾರ ಹಿಂದೆ ಜೋತುಬಿದ್ದರೆ ಸವೆದ ಫೋಕಸ್ ಹಲ್ಲುಗಳು ಜಾರುತ್ತವೆ. ಪ್ಲಾನೆಟರಿ ಕ್ಯಾಮೆರಾದ ತೂಕ 150 ಗ್ರಾಮಿನ ಒಳಗೇ.

ಜೋಡಿಸುವುದೇ ನಿಜವಾದ ಕೆಲಸ. ಹಳೆ ಐಪೀಸುಗಳು (ಕಣ್ಣಿಡುವ ತುದಿಯ ಮಸೂರಗಳು) ತಿರುಪಿ ಕೂರಿಸುವಂಥವು: ಒಂದೂಕಾಲು ಇಂಚು ವ್ಯಾಸ, ಇಂಚಿಗೆ 16 ಸುತ್ತು. ಕ್ಯಾಮೆರಾದ ಮೂತಿಯೂ ಒಂದೂಕಾಲು ಇಂಚೇ, ಆದರೆ ನುಣುಪು, ಸುಮ್ಮನೆ ಒಳಗೆ ಜಾರಿಸುವಂಥದ್ದು. ನಡುವೆ ಒಂದು ತುಂಡು ಬೇಕು. ಅದರ ಉದ್ದ ಎಷ್ಟಿರಬೇಕೆಂದು ತಿಳಿಯಲು ಐಪೀಸ್ ಬಿಚ್ಚಿ, ಚಂದ್ರನ ಕಡೆ ತಿರುಗಿಸಿ, ಹಿಂದೆ ಬಟರ್ ಪೇಪರ್ ಹಿಡಿದೆ. ಸುಮಾರು 10 ಮಿ.ಮೀ. ಅಗಲದ ಚಂದ್ರ ಎಲ್ಲಿ ಚೂಪಾಗಿ ಮೂಡಿದನೋ, ಕ್ಯಾಮೆರಾದ ಸೆನ್ಸರ್ ಬರಬೇಕಾದ್ದು ಅಲ್ಲಿಗೇ. ಹಿತ್ತಾಳೆಯ ಅಂಚಿನಿಂದ ಅಲ್ಲಿಯವರೆಗೆ ಸ್ಕೇಲ್ ಇಟ್ಟು ಅಳೆದುಕೊಂಡೆ.

ಬೈಕಂಪಾಡಿಯ ಲೇತ್ ಅಂಗಡಿಯವರು ಐಪೀಸನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ಇಂಚಿನ ತ್ರೆಡ್ ಮಾರಾಯ್ರೇ, ಈಗ ಯಾರು ಕೇಳ್ತಾರೆ ಇದನ್ನ?” ಅಂದರು. ಆದರೂ ಮಾಡಿಕೊಟ್ಟರು. ಅಲ್ಯೂಮಿನಿಯಂ ಸಾಕು ಎಂದದ್ದಕ್ಕೆ ನಾನು ಒಪ್ಪಲಿಲ್ಲ. ನಮ್ಮ ಉಪ್ಪುಗಾಳಿಯಲ್ಲಿ ಹಿತ್ತಾಳೆಗೆ ತಾಗಿಕೊಂಡ ಅಲ್ಯೂಮಿನಿಯಂ ಬೇಗ ತಿಂದುಹೋಗಿ ತಿರುಪಿನಲ್ಲೇ ಕಚ್ಚಿಕೊಳ್ಳುತ್ತದೆ. ಹಿತ್ತಾಳೆಯಲ್ಲೇ ಮಾಡಿಸಿದೆ. ದುರ್ಬೀನಿಗೆ ಒಂದು ತೂತೂ ಕೊರೆದಿಲ್ಲ, ಕ್ಯಾಮೆರಾ ಬಿಚ್ಚಿದರೆ ಅದು ಮೊದಲಿದ್ದಂತೆಯೇ.

ಸ್ಟ್ಯಾಂಡಿನ ಕತೆ ಇನ್ನೂ ಚಂದ. ಜೊತೆಗೆ ಬಂದದ್ದು ಈಕ್ವಟೋರಿಯಲ್ ಸ್ಟ್ಯಾಂಡು: ಅದರ ಅಕ್ಷವನ್ನು ಊರಿನ ಅಕ್ಷಾಂಶದಷ್ಟು ಓರೆಮಾಡಿ ಧ್ರುವ ನಕ್ಷತ್ರದತ್ತ ತಿರುಗಿಸಬೇಕು. ಇದು ಇಂಗ್ಲೆಂಡಿನ 50 ಡಿಗ್ರಿ ಆಸುಪಾಸಿನ ಅಕ್ಷಾಂಶಕ್ಕೆಂದು ಮಾಡಿದ್ದು. ಉಡುಪಿಯದ್ದು 13. ಅಷ್ಟು ಬಗ್ಗಿಸಲು ಅದಕ್ಕೆ ಬರುವುದಿಲ್ಲ, ಬಗ್ಗಿಸಿದರೂ ಧ್ರುವ ನಕ್ಷತ್ರ ನಮ್ಮ ತೆಂಗಿನಮರಗಳ ಹಿಂದೆ. ಮೇಲೆ-ಕೆಳಗೆ, ಎಡ-ಬಲ ಮಾತ್ರ ಆಡುವ ಗಟ್ಟಿ ಕಂಬದ ಮೇಲೆ ಕೂರಿಸಿದೆ.

ಆಕಾಶದ ಜೊತೆ ದುರ್ಬೀನು ತಿರುಗಿಸುವ ಮೋಟಾರ್ ಇಲ್ಲದಿದ್ದರೆ ಗುರು ಗ್ರಹ ಓಡಿಹೋಗುವುದಿಲ್ಲವೇ? ಹೋಗುತ್ತದೆ, ಹೋಗಲಿ. ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಸರಿಯುತ್ತದೆ (ಡಿಗ್ರಿಯ 3600ರಲ್ಲಿ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). ನನ್ನ ಸೆನ್ಸರಿನ ಈ ಅಂಚಿನಿಂದ ಆ ಅಂಚಿಗೆ ಗುರು ದಾಟಲು ಒಂದು ನಿಮಿಷಕ್ಕಿಂತ ತುಸು ಹೆಚ್ಚೇ ಬೇಕು. ಗುರುವನ್ನು ಒಂದು ಅಂಚಿನಲ್ಲಿಟ್ಟು ಕೈ ತೆಗೆದು ವಿಡಿಯೊ ಓಡಿಸುತ್ತೇನೆ. ಪ್ರತಿ ಫ್ರೇಮಿಗೆ ಹತ್ತು ಹದಿನೈದು ಮಿಲಿಸೆಕೆಂಡ್. ಅಷ್ಟರಲ್ಲಿ ಚಿತ್ರ ಕಲಸಿಹೋಗುವಷ್ಟು ಚಲನೆ ಇರುವುದಿಲ್ಲ. ಆಮೇಲೆ ಪಿಪ್ ತಂತ್ರಾಂಶ ಗ್ರಹವನ್ನು ನಡುವಿಗೆ ತರುತ್ತದೆ, ಆಟೋಸ್ಟ್ಯಾಕರ್ಟ್ ಚೊಕ್ಕ ಫ್ರೇಮುಗಳನ್ನು ಆರಿಸಿ ಒಂದರ ಮೇಲೊಂದು ಪೇರಿಸುತ್ತದೆ. ಗುರುವಿನ ಎರಡು ಮುಖ್ಯ ಪಟ್ಟೆ ಸ್ಪಷ್ಟವಾಗಿಯೇ ಬರುತ್ತವೆ.

ಬಣ್ಣದ ವಿಷಯದಲ್ಲಿ ಹಳೆ ಮಸೂರಕ್ಕೆ ಒಂದು ಮಿತಿ ಇದೆ. ಕಣ್ಣಿಗೆಂದು ಹೊಂದಿಸಿದ್ದಾದ್ದರಿಂದ ಹಸಿರು, ಹಳದಿ ಚೂಪು. ನೇರಳೆ ಮತ್ತು ಅವಕೆಂಪು ಹಿಗ್ಗಿ ಮಂಜಾಗುತ್ತವೆ. ಕಣ್ಣು ಇದನ್ನು ಅಷ್ಟಾಗಿ ಗಮನಿಸದು, ಸೆನ್ಸರ್ ಬಿಡದು. ನೇರಳಾತೀತ ಮತ್ತು ಅವಕೆಂಪು ಬೆಳಕು ತಡೆಯುವ ಯುವಿ-ಐಆರ್ ಫಿಲ್ಟರ್ ಕಡ್ಡಾಯ. ಚಂದ್ರನಿಗಾದರೆ ನಾನು ಹಸಿರು ಚಾನೆಲ್ ಒಂದನ್ನೇ ಉಳಿಸಿಕೊಂಡು ಕಪ್ಪು-ಬಿಳುಪು ಮಾಡುತ್ತೇನೆ.

ಇಂಥ ಹಳೆ ಪೆಟ್ಟಿಗೆಗಳಲ್ಲಿ ಐಪೀಸಿಗೆ ಹಾಕುವ ಸೂರ್ಯನ ಕಪ್ಪು ಗಾಜೂ ಇರುವುದುಂಟು. ಅದನ್ನು ಖಂಡಿತ ಬಳಸಬೇಡಿ. ಶಾಖಕ್ಕೆ ಪಟ್ಟನೆ ಸೀಳಿದರೆ ಕಣ್ಣೂ ಹೋಯಿತು, ಸೆನ್ಸರೂ ಹೋಯಿತು. ಸೂರ್ಯನಿಗೆ ಫಿಲ್ಟರ್ ಇರಬೇಕಾದ್ದು ಮುಂದಿನ ಮಸೂರದ ಎದುರಿಗೆ, ಗಾಳಿಗೆ ಹಾರದಂತೆ ಬಿಗಿಯಾಗಿ.