ಶುಗರ್‌ಗೆ ಮೆಂತ್ಯ ನೆನೆಸೋಕ್ ಮುಂಚೆ ಶುಗರ್ ನೋಡೋ ಮೀಟರ್ ಒಂದು ತಗೊಳ್ಳಿ

ನಮ್ಮ ಹಾಸನದ ಕಡೆ ಒಬ್ರಿಗೆ ಶುಗರ್ ಬಂತು ಅಂತ ಗೊತ್ತಾದ್ರೆ ಸಾಕು, ಸಂಜೆಯೊಳಗೆ ಹತ್ತು ಜನ ಹತ್ತು ಮದ್ದು ಹೇಳ್ತಾರೆ, ಅಮೃತಬಳ್ಳಿ ಅಂತ ಒಬ್ರು, ನೇರಳೆ ಬೀಜ ಅಂತ ಇನ್ನೊಬ್ರು. ನಮ್ಮ ದೊಡ್ಡಪ್ಪ ಯಾರ ಮಾತೂ ತೆಗೆದುಹಾಕೋರಲ್ಲ, ಎಲ್ಲಾನೂ ಒಟ್ಟಿಗೆ ಶುರು ಹಚ್ಕೊಂಡ್ರು, ಜೊತೆಗೆ ಡಾಕ್ಟರ್ ಕೊಟ್ಟ ಮಾತ್ರೆನೂ ಇತ್ತು. ಒಂದಿನ ತಿಂಡಿ ಬಿಟ್ಟು ಸಕಲೇಶಪುರದ ತೋಟಕ್ಕೆ ಮೆಣಸು ಕೊಯ್ಲಿಗೆ ಹೋದವರು ಏಣಿ ಇಳಿದು ಸುಮ್ನೆ ಕೂತ್ಬಿಟ್ರು, ಚಳಿಯಲ್ಲೂ ಅಂಗಿಯೆಲ್ಲ ಬೆವರು, ಕೈ ನಡುಕ, ಕೇಳಿದ್ದಕ್ಕೆ ಏನೇನೋ ಉತ್ತರ. ಮೀಟರ್ ಹಾಕಿದ್ರೆ 54, ತೀರಾ ಕಮ್ಮಿ! ಸಕ್ಕರೆ ನೀರು ಕುಡಿಸಿದ ಮೇಲೆ ಸರಿಹೋದ್ರು. ಆದ್ರೆ ಯಾವ ಮದ್ದು ಎಷ್ಟು ಇಳಿಸ್ತು ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅದಕ್ಕೇ ಒಂದೊಂದಾಗಿ ಮಾಡಿ ಅನ್ನೋದು.

ಮೊದಲು ಲೆಕ್ಕ ಬರೆಯೋಕೆ ಶುರು ಮಾಡಿ. ಒಂದು ವಾರ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದ್ಸಲ, ತಿಂಡಿಗೆ ಕೂತ 2 ಗಂಟೆಗೆ ಒಂದ್ಸಲ ನೋಡಿ ಹಾಲಿನ ಲೆಕ್ಕದ ಥರ ಬರೆದಿಡಿ. ಲ್ಯಾಬಲ್ಲಿ ಖಾಲಿ ಹೊಟ್ಟೇದು 126 ಅಥವಾ ಅದಕ್ಕಿಂತ ಜಾಸ್ತಿ, ಇಲ್ಲಾ ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ 6.5 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಅದು ಡಯಾಬಿಟೀಸೇ, ಆಗ ಬರೀ ಸೊಪ್ಪು ನಂಬ್ಕೊಂಡು ಕೂರೋ ಹಂಗಿಲ್ಲ. ಇನ್ಸುಲಿನ್ ತಗೊಳ್ಳೋರಂತೂ, ಅದರಲ್ಲೂ ಟೈಪ್ 1 (ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ) ಮಕ್ಕಳು, ಅದನ್ನ ಒಂದು ದಿನಾನೂ ಬಿಡಬಾರದು.

ಆಮೇಲೆ ಒಂದೇ ಒಂದು ಮದ್ದು ಆರಿಸ್ಕೊಳ್ಳಿ. ನನ್ನ ಕೇಳಿದ್ರೆ ಮೆಂತ್ಯ, ಯಾಕಂದ್ರೆ ಅದು ಅಡುಗೆಮನೆ ಡಬ್ಬೀಲೇ ಇರುತ್ತೆ, ಮೋಸ ಕಡಿಮೆ. ರಾತ್ರಿ 1 ಟೀ ಚಮಚ ಕಾಳನ್ನ ತೊಳೆದು ಒಂದು ಲೋಟ ನೀರಲ್ಲಿ ನೆನೆಸಿ. ಬೆಳಿಗ್ಗೆ ಕಾಳು ಉಬ್ಬಿ ನೀರು ಲೋಳೆ ಲೋಳೆ ಆಗಿರುತ್ತಲ್ಲ, ಆ ಲೋಳೇನೇ ಇಲ್ಲಿ ಕೆಲಸ ಮಾಡೋದು, ಅದು ಕರಗೋ ನಾರು, ತಿಂದ ಅನ್ನ ಸಕ್ಕರೆ ಆಗಿ ರಕ್ತಕ್ಕೆ ಸೇರೋದನ್ನ ನಿಧಾನ ಮಾಡುತ್ತೆ. ಹಂಗಾಗಿ ನೀರು ಮಾತ್ರ ಸೋಸಿ ಕುಡಿದು ಕಾಳು ಚೆಲ್ಲಿದ್ರೆ ಅರ್ಧ ಮದ್ದು ಸಿಂಕಿಗೆ ಹೋದಂಗೆ, ಕಾಳೂ ಅಗಿದು ತಿನ್ನಿ. ಗ್ಯಾಸ್ ಆಗ್ಲಿಲ್ಲ ಅಂದ್ರೆ ವಾರ ಬಿಟ್ಟು 2 ಚಮಚ ಮಾಡಿ. ಮಾತ್ರೆಗೂ ಇದಕ್ಕೂ ಒಂದೆರಡು ಗಂಟೆ ಗ್ಯಾಪ್ ಇರ್ಲಿ. ಬಸುರಿಯರಿಗೆ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ ಬೇಡ.

ಹಾಗಲಕಾಯಿ ಬೇಕು ಅನ್ನೋರು ಪಲ್ಯ ಮಾಡ್ಕೊಂಡು ತಿನ್ನಿ, ಜ್ಯೂಸ್ ಲೋಟಗಟ್ಟಲೆ ಕುಡಿದ್ರೆ ಹೊಟ್ಟೆ ಕೆಡುತ್ತೆ. ನಮ್ಮನೇಲಿ ಹಾಗಲಕಾಯಿ ಗೊಜ್ಜು ಅಂದ್ರೆ ಅರ್ಧ ಅಚ್ಚು ಬೆಲ್ಲ ಬೀಳುತ್ತೆ, ಅದನ್ನ ಎರಡು ಸಲ ಬಡಿಸ್ಕೊಂಡು ಶುಗರ್‌ಗೆ ಒಳ್ಳೇದು ಅಂತಾರಲ್ಲ, ಏನ್ ಹೇಳೋದು.

ಮಧುನಾಶಿನಿ ಎಲೆ ಸಿಕ್ಕಿದ್ರೆ ಒಂದ್ಸಲ ತಮಾಷೆಗಾದ್ರೂ ನೋಡಿ. ಎರಡು ಎಲೆ ಚೆನ್ನಾಗಿ ಅಗಿದು ಉಗಿದು, ಚಿಟಿಕೆ ಸಕ್ಕರೆ ನಾಲಿಗೆ ಮೇಲೆ ಇಟ್ಕೊಳ್ಳಿ, ಮರಳು ತಿಂದಂಗೆ ಆಗುತ್ತೆ! ಅರ್ಧ ಗಂಟೆ ಹೊತ್ತು ಸಿಹಿ ರುಚಿನೇ ಗೊತ್ತಾಗಲ್ಲ. ಆದ್ರೆ ನಾಲಿಗೆಗೆ ಸಿಹಿ ತಿಳೀಲಿಲ್ಲ ಅಂತ ರಕ್ತದಲ್ಲಿರೋ ಸಕ್ಕರೆ ಮಾಯ ಆಗಲ್ಲ. ಗಿಡಮೂಲಿಕೆ ಮಾರೋ ಗ್ರಂಧಿಗೆ ಅಂಗಡೀಲಿ ಸಿಗೋ ಇದರ ಪುಡೀನ ಆಯುರ್ವೇದ ಡಾಕ್ಟರ್ ಹೇಳಿದ ಅಳತೇಲೇ ತಗೋಬೇಕು.

ನೇರಳೆ ಬೀಜ ತೊಳೆದು, ಒಣಗಿಸಿ, ಮೇಲಿನ ಸಿಪ್ಪೆ ತೆಗೆದು ಪುಡಿ ಮಾಡಿಟ್ಕೊಂಡ್ರೆ ವರ್ಷಪೂರ್ತಿ ಬರುತ್ತೆ, ಅರ್ಧ ಚಮಚ ಸಾಕು. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ರೆ ಬೆಳಿಗ್ಗೆ ಕಂದು ಬಣ್ಣ ಬಂದು ಬಿಸಿಲಿಗೆ ಹಿಡಿದ್ರೆ ನೀಲಿ ಹೊಳೆಯುತ್ತೆ, ಹಳೇ ಪದ್ಧತಿ, ನೋಡೋಕೂ ಚೆಂದ. ನರ್ಸರೀಲಿ ಮಾರೋ ಇನ್ಸುಲಿನ್ ಗಿಡದ ಎಲೇಲಿ ಇನ್ಸುಲಿನ್ ಇಲ್ಲ ಕಣ್ರೀ, ಹೆಸರಷ್ಟೇ. ಅಮೃತಬಳ್ಳಿ ತಿಂಗಳುಗಟ್ಟಲೆ ಕಷಾಯ ಕುಡಿಯೋರು ಹುಷಾರು, ಕೋವಿಡ್ ಟೈಮಲ್ಲಿ ಅದು ಕುಡಿದು ಲಿವರ್ ತೊಂದರೆ ಆದವರ ಬಗ್ಗೆ ಮುಂಬೈ ಡಾಕ್ಟರ್‌ಗಳು 2021ರಲ್ಲೇ ವರದಿ ಮಾಡಿದ್ರು.

ಶುರು ಮಾಡಿದ ಮೇಲೆ ಮೂರು ವಾರ ಅದೇ ಮದ್ದು, ಅದೇ ಊಟ, ಅದೇ ಪುಸ್ತಕ. ಮುದ್ದೆ ಇದ್ದ ಕಡೆ ಮೂರು ಕಡುಬು ಬಂದ್ರೆ ಹೋಲಿಕೆ ಕೆಡುತ್ತೆ. ನಂಬರ್ ಇಳಿದ್ರೆ ಮಾತ್ರೆ ನೀವೇ ಕಮ್ಮಿ ಮಾಡ್ಬೇಡಿ, ಪುಸ್ತಕನೂ ಪುಡಿ ಡಬ್ಬೀನೂ ತಗೊಂಡು ಹೋಗಿ ಡಾಕ್ಟರ್ ಮುಂದಿಡಿ, ಆಪರೇಷನ್ ಇದ್ರಂತೂ ಮೊದಲೇ ಹೇಳಿ. ಶುಗರ್ ಇಳಿಸೋ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಜೊತೆ ಈ ಮದ್ದುಗಳು ಸೇರಿದ್ರೆ ಶುಗರ್ ಧಡಕ್ಕನೆ ಬೀಳಬಹುದು, 70ಕ್ಕಿಂತ ಕೆಳಗೆ ಹೋದ್ರೆ ತಕ್ಷಣ 3 ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕ್ಬೇಡಿ, ಸೀದಾ ಆಸ್ಪತ್ರೆ.

ದೊಡ್ಡಪ್ಪ ಈಗ ಮೆಂತ್ಯ ಒಂದೇ ಇಟ್ಕೊಂಡಿದಾರೆ. ತೋಟಕ್ಕೆ ಹೊರಟಾಗ ಅಂಗಿ ಜೇಬಲ್ಲಿ ಎಲೆಅಡಿಕೆ ಪಕ್ಕ ಒಂದು ಸಕ್ಕರೆ ಪೊಟ್ಟಣ, ಅದನ್ನ ಮುಟ್ಟಿ ನೋಡ್ಕೊಂಡೇ ಗೇಟ್ ದಾಟೋದು.