ಶಾತೋ ದಿಕೆಮ್ ವೈನಿನ ಜೊತೆ ಏನು ಬಡಿಸಬೇಕು?

ಫ್ರಾನ್ಸಿನ ಬೋರ್ಡೋ ಸೀಮೆಯ ಸೊಟೆರ್ನ್‌ನಲ್ಲಿರುವ ಶಾತೋ ದಿಕೆಮ್ ತೋಟದ ಸಿಹಿ ವೈನ್ ನಿಮ್ಮ ಕೈಗೆ ಬಂದರೆ, ಅದನ್ನು ಊಟದ ಕೊನೆಯ ಸಿಹಿತಿನಿಸಿಗೆಂದೇ ದಯವಿಟ್ಟು ಎತ್ತಿಡಬೇಡಿ. ಸಿರೋನ್ ಹೊಳೆಯಿಂದ ಏಳುವ ಮುಂಜಾನೆಯ ಮಂಜಿನಲ್ಲಿ ದ್ರಾಕ್ಷಿಗೆ ಬೊಟ್ರೈಟಿಸ್ ಎಂಬ ಬೂಷ್ಟು ಹಿಡಿದು, ಮಧ್ಯಾಹ್ನದ ಬಿಸಿಲಿಗೆ ಹಣ್ಣಿನ ನೀರು ಆರಿ, ಸಿಹಿಯೂ ಹುಳಿಯೂ ಒಟ್ಟಿಗೇ ಗಟ್ಟಿಯಾಗುವುದರಿಂದ, ಒಂದು ಬಳ್ಳಿಗೆ ಸುಮಾರು ಒಂದೇ ಲೋಟ ವೈನ್ ಸಿಗುತ್ತದೆ. ಬೋರ್ಡೋ ವೈನುಗಳಿಗೆ ದರ್ಜೆ ಕೊಟ್ಟ 1855ರ ವರ್ಗೀಕರಣದಲ್ಲಿ ಸೊಟೆರ್ನ್ ವೈನುಗಳ ಪೈಕಿ ಅತ್ಯುನ್ನತ ದರ್ಜೆ ಪಡೆದದ್ದು ಇದೊಂದೇ.

ಆ ಹುಳಿಯ ಕಾರಣದಿಂದಲೇ ಇದು ಉಪ್ಪಿನ ತಿನಿಸುಗಳಿಗೆ ಸೊಗಸಾಗಿ ಹೊಂದುತ್ತದೆ. ಕುರಿಯ ಹಾಲಿನ, ನೀಲಿ ಗೆರೆಗಳ ರೋಕ್‌ಫೋರ್ ಚೀಸನ್ನು ಕಡಲೆಕಾಯಿಯಷ್ಟು ನಾಲಿಗೆಯ ಮೇಲಿಟ್ಟು, ಅದು ಕರಗುವಾಗ ಒಂದು ಗುಟುಕು ಕುಡಿದರೆ, ಚೀಸಿನ ಖಾರವಾದ ಉಪ್ಪು ಮೆತ್ತಗಾಗಿ ಜೇನು ಮತ್ತು ಏಪ್ರಿಕಾಟ್ ಹಣ್ಣಿನ ಪರಿಮಳ ಉಳಿಯುತ್ತದೆ. ಫ್ವಾ ಗ್ರಾ (ಕೊಬ್ಬಿಸಿದ ಬಾತುಕೋಳಿ ಅಥವಾ ಹೆಬ್ಬಾತಿನ ಯಕೃತ್ತು) ಹೆಸರಾಂತ ಜೋಡಿಯಾದರೂ, ಬೆಣ್ಣೆ ಹಚ್ಚಿ ಸುಟ್ಟ ಕೋಳಿಯೇ ನನಗೆ ಹೆಚ್ಚು ಮೆಚ್ಚು. ಚಾಕೊಲೇಟ್ ಬೇಡ, ಅದು ವೈನನ್ನು ಮುಚ್ಚಿಬಿಡುತ್ತದೆ. ಬಾಟಲಿಯನ್ನು 10ರಿಂದ 12 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದರೆ ಸಾಕು. ಇದೇ ತೋಟದ, 1959ರಿಂದ ಬರುತ್ತಿರುವ ಇಗ್ರೆಕ್ ಎಂಬ ಒಣ (ಸಿಹಿಯಲ್ಲದ) ಬಿಳಿ ವೈನನ್ನು ಮೀನಿನೊಂದಿಗೆ ಬಡಿಸಿ.