ಕಿಡ್ನಿಯ ರಕ್ತನಾಳ ಕಿರಿದಾಗಿದೆಯಾ? ಕಿಡ್ನಿ ಉಳಿಸಿಕೊಳ್ಳುವುದು ಹೀಗೆ

ಸ್ಕ್ಯಾನ್ ರಿಪೋರ್ಟ್‌ನಲ್ಲಿ ರೀನಲ್ ಆರ್ಟರಿ ಸ್ಟೆನೋಸಿಸ್ (ಕಿಡ್ನಿಗೆ ರಕ್ತ ಒಯ್ಯುವ ನಾಳ ಕಿರಿದಾಗುವುದು) ಅಂತ ನೋಡಿದ ಕೂಡಲೇ ಎಲ್ಲರೂ ಕೇಳುವುದು ಒಂದೇ, ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಹಾಕಿಸಬೇಕಾ? ಕೊಬ್ಬು ಕಟ್ಟಿಕೊಂಡು ನಾಳ ಕಿರಿದಾದವರಲ್ಲಿ ಹೆಚ್ಚಿನವರಿಗೆ ಬೇಕಾಗುವುದಿಲ್ಲ. 2014ರಲ್ಲಿ ಬಂದ ಕೋರಲ್ ಎಂಬ ಅಧ್ಯಯನದಲ್ಲಿ ಮಾತ್ರೆಯ ಜೊತೆ ಸ್ಟೆಂಟ್ ಹಾಕಿಸಿಕೊಂಡವರಿಗೆ, ಬರೀ ಮಾತ್ರೆ ತೆಗೆದುಕೊಂಡವರಿಗಿಂತ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ಎಷ್ಟೇ ಮಾತ್ರೆ ಕೊಟ್ಟರೂ ಬಿಪಿ ಇಳಿಯದಿದ್ದರೆ, ಕಿಡ್ನಿ ಬೇಗ ಬೇಗ ಸೋಲುತ್ತಿದ್ದರೆ, ಪದೇ ಪದೇ ಶ್ವಾಸಕೋಶದಲ್ಲಿ ನೀರು ತುಂಬಿದರೆ ಮಾತು ಬೇರೆ. ಕೊಬ್ಬಿನಿಂದಲ್ಲದೆ, ನಾಳದ ಗೋಡೆಯೇ ಅಸಹಜವಾಗಿ ಬೆಳೆದು ಕಿರಿದಾಗುವ ಫೈಬ್ರೋಮಸ್ಕ್ಯುಲರ್ ಡಿಸ್ಪ್ಲೇಸಿಯಾ ಎಂಬ ಇನ್ನೊಂದು ಬಗೆಯೂ ಇದೆ. ಅದು ಹೆಚ್ಚಾಗಿ ಹೆಂಗಸರಲ್ಲಿ ಕಾಣುತ್ತದೆ, ಅದಕ್ಕೆ ಬಲೂನ್ ಹಾಕಿ ನಾಳ ಹಿಗ್ಗಿಸುವುದು ಒಳ್ಳೆಯ ದಾರಿ.

ಅಂದರೆ ಬಹಳ ಮಂದಿಗೆ ಕಿಡ್ನಿ ಉಳಿಯುವುದು ಮನೆಯಲ್ಲೇ, ದಿನದಿನದ ಎಚ್ಚರಿಕೆಯಿಂದ. ನೋವು ಇರಲ್ಲ, ಊತ ಇರಲ್ಲ, ಹಾಗಾಗಿ ಸುಮ್ನೆ ಬಿಟ್ಟುಬಿಡುತ್ತೇವೆ. ಆದರೆ ನಾಳ ಕಿರಿದಾದಾಗ ಕಿಡ್ನಿಗೆ ರಕ್ತ ಕಡಿಮೆ ಬರುತ್ತದೆ. ಇಡೀ ದೇಹದಲ್ಲೇ ಬಿಪಿ ಬಿದ್ದಿದೆ ಅಂದುಕೊಂಡು ಅದು ಬಿಪಿ ಏರಿಸುವ ರೆನಿನ್ ಎಂಬ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತದೆ. ಉಪ್ಪು, ನೀರು ದೇಹದಲ್ಲೇ ಉಳಿಯುತ್ತವೆ, ಬಿಪಿ ಏರುತ್ತದೆ, ಆ ಏರಿದ ಬಿಪಿ ಚೆನ್ನಾಗಿರುವ ಇನ್ನೊಂದು ಕಿಡ್ನಿಯನ್ನೂ ಹಾಳು ಮಾಡುತ್ತದೆ.

ಅದಕ್ಕೇ ಮನೆಯಲ್ಲೊಂದು ಬಿಪಿ ಮಷೀನ್ ಇರಲಿ, ತೋಳಿಗೆ ಕಟ್ಟುವಂಥದ್ದು. ಕಾಫಿ, ಟೀ ಕುಡಿದು ಅರ್ಧ ಗಂಟೆ ಆಗಿರಬೇಕು. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಎರಡೂ ಪಾದ ನೆಲಕ್ಕೆ ಊರಿ 5 ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ಕೈಯನ್ನು ಮೇಜಿನ ಮೇಲಿಟ್ಟು ಎರಡು ಸಲ ನೋಡಿ, ನಡುವೆ ಒಂದು ನಿಮಿಷ ಬಿಡಿ, ಮಾತಾಡಬೇಡಿ. ಎರಡನ್ನೂ ಬರೆದಿಡಿ. ಚೆನ್ನಾಗಿ ಬಂದ ಅಂಕಿ ಮಾತ್ರ ಬರೆದರೆ ಡಾಕ್ಟರಿಗೆ ಏನು ಗೊತ್ತಾಗಬೇಕು ಅಲ್ವಾ?

ಇನ್ನು ಮಾತ್ರೆ. ಹೆಸರಿನ ಕೊನೆಯಲ್ಲಿ 'ಪ್ರಿಲ್' ಅಥವಾ 'ಸಾರ್ಟನ್' ಅಂತ ಬರುವ ಬಿಪಿ ಮಾತ್ರೆಗಳು (ರಾಮಿಪ್ರಿಲ್, ಟೆಲ್ಮಿಸಾರ್ಟನ್ ಥರದವು) ಈ ಕಾಯಿಲೆಗೆ ತುಂಬಾ ಉಪಯೋಗಿ. ಆದರೆ ಎರಡೂ ಕಡೆಯ ನಾಳ ಕಿರಿದಾಗಿದ್ದರೆ, ಅಥವಾ ಇರುವುದೇ ಒಂದು ಕಿಡ್ನಿ ಆಗಿದ್ದರೆ, ಇವೇ ಕಿಡ್ನಿಯ ಕೆಲಸವನ್ನು ಥಟ್ಟನೆ ಇಳಿಸಬಹುದು. ಆದ್ದರಿಂದ ಶುರು ಮಾಡಿದ ಮೇಲೂ, ಡೋಸ್ ಹೆಚ್ಚಿಸಿದ ಮೇಲೂ ಒಂದೆರಡು ವಾರದೊಳಗೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಕಸ, ಕಿಡ್ನಿ ಸೋತರೆ ಇದು ಏರುತ್ತದೆ), ಪೊಟ್ಯಾಸಿಯಂ ಪರೀಕ್ಷೆ ಮಾಡಿಸಲೇಬೇಕು. ಡಾಕ್ಟರ್ ಮರೆತರೆ ನೀವೇ ಕೇಳಿ. ಕ್ರಿಯಾಟಿನಿನ್ ಸ್ವಲ್ಪ ಏರಿದರೆ ಗಾಬರಿ ಬೇಡ, ಮೊದಲಿಗಿಂತ 30% ಗಿಂತ ಜಾಸ್ತಿ ಏರಿದರೆ ತಡಮಾಡದೆ ಡಾಕ್ಟರಿಗೆ ತಿಳಿಸಿ. ಹೆದರಿ ನೀವೇ ಮಾತ್ರೆ ನಿಲ್ಲಿಸಬೇಡಿ.

ವಾಂತಿ, ಭೇದಿ, ಜೋರು ಜ್ವರ ಬಂದ ದಿನ ಮಾತ್ರ ಲೆಕ್ಕ ಬೇರೆ. ದೇಹದ ನೀರು ಖಾಲಿಯಾದಾಗ ಈ ಮಾತ್ರೆಗಳೂ ಮೂತ್ರ ಹೆಚ್ಚಿಸುವ ಮಾತ್ರೆಗಳೂ ಸೇರಿ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಅಂಥ ದಿನ ಯಾವುದನ್ನು ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಅಂತ ಆರೋಗ್ಯವಾಗಿದ್ದಾಗಲೇ ಕೇಳಿ ಬರೆಸಿಕೊಳ್ಳಿ. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವುದನ್ನು ಪೂರ್ತಿ ಬಿಡಿ, ಕಿಡ್ನಿಯ ರಕ್ತ ಹರಿವನ್ನು ಇವು ಇನ್ನೂ ಕಡಿಮೆ ಮಾಡುತ್ತವೆ. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸಾಕು, ಪ್ರಮಾಣ ಮೀರಬೇಡಿ. ಡೈ ಹಾಕಿ ಮಾಡುವ ಸ್ಕ್ಯಾನ್ ಬರೆದುಕೊಟ್ಟರೆ ನಿಮ್ಮ ಕಾಯಿಲೆಯನ್ನು ಮೊದಲೇ ಹೇಳಿ.

ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ, ಪ್ಯಾಕೆಟ್ ತಿಂಡಿಯಲ್ಲಿ ಇರುವುದೂ ಸೇರಿ. ಬಿಪಿಗೆ ಒಳ್ಳೆಯದು ಅಂತ ಮಾರುವ ಕಡಿಮೆ ಸೋಡಿಯಂ ಉಪ್ಪನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಪ್ರಿಲ್, ಸಾರ್ಟನ್ ಮಾತ್ರೆಗಳ ಜೊತೆ ಸೇರಿದರೆ ಹೃದಯದ ಬಡಿತಕ್ಕೇ ಅಪಾಯ.

ಸಿಗರೇಟ್ ಬಿಡಿ. ಇದರಲ್ಲಿ ಚೌಕಾಸಿ ಇಲ್ಲ. ಕೊಲೆಸ್ಟ್ರಾಲ್‌ಗೆ ಕೊಟ್ಟ ಸ್ಟಾಟಿನ್ ಮಾತ್ರೆ ತಪ್ಪಿಸಬೇಡಿ, ಶುಗರ್ ಇದ್ದರೆ ಹಿಡಿತದಲ್ಲಿಡಿ.

ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಮಲಗಲು ಆಗದಷ್ಟು ದಮ್ಮು ಬಂದರೆ, ಮೂತ್ರ ತೀರಾ ಕಡಿಮೆಯಾದರೆ, ಬಿಪಿ 180/120 ದಾಟಿ ಎದೆನೋವು, ಕಣ್ಣು ಮಂಜು ಅಥವಾ ಮಾತು ತೊದಲುವಿಕೆ ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ, ಮಾತ್ರೆಗಳ ಪಟ್ಟಿ ಜೊತೆಗಿರಲಿ.